ಹನ್ನೊಂದು ಡಿಗ್ರಿ

ರಿಮೋಟಿನ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಅಂಕಿ ಹದಿನಾರರಿಂದ ಕೆಳಗಿಳಿಯಲಿಲ್ಲ. ಹದಿನಾರು, ಮುಗಿಯಿತು, ತಲೆ ಕೆಳಗೆ ಮಾಡಿ ನಿಂತರೂ ಅದಕ್ಕಿಂತ ಹೆಚ್ಚಿನ ಚಳಿ ಈ ದೇಶದಲ್ಲಿ ಸಿಕ್ಕುವುದಿಲ್ಲ. ನರಹರಿ ಅಂಗಿ, ಬನಿಯನ್ನು ಕಳಚಿ ಕುರ್ಚಿಯ ಮೇಲೆ ಹಾಕಿ, ಬರೀ ಚಡ್ಡಿಯಲ್ಲಿ ಏಸಿಗೆ ಬೆನ್ನು ಕೊಟ್ಟು ಕೂತು ಮುಕ್ಕಾಲು ಗಂಟೆಯಾಗಿತ್ತು. ನಲವತ್ತೇಳು ವರ್ಷದ, ಹೊಟ್ಟೆ ಬಂದ, ಹನ್ನೆರಡು ಜನರ ತಂಡಕ್ಕೆ ಲೀಡ್ ಎನ್ನಿಸಿಕೊಂಡ ಗಂಡಸು ಬೆಳಿಗ್ಗೆ ಎಂಟೂವರೆಗೆ ಮಾಡುವ ಕೆಲಸವೇ ಇದು? ಬೆನ್ನು ಮುಳ್ಳೆದ್ದಿತ್ತು, ಮೂಗಿನ ತುದಿ ತಣ್ಣಗಾಗಿತ್ತು, ಅಷ್ಟೇ. ಬೆರಳುಗಳನ್ನು ಮಡಿಸಿ ಬಿಚ್ಚಿ ನೋಡಿದ. ಚೆನ್ನಾಗಿಯೇ ಮಡಚಿಕೊಳ್ಳುತ್ತಿದ್ದವು. ಹದಿನಾರಕ್ಕೂ ಹನ್ನೊಂದಕ್ಕೂ ನಡುವೆ ಐದೇ ಡಿಗ್ರಿ. ಆ ಐದು ಡಿಗ್ರಿಯಲ್ಲಿ ಏನಿದೆಯೆಂದು ತಿಳಿಯದೆ ಹತ್ತು ಗಂಟೆಯ ಮೀಟಿಂಗಿನಲ್ಲಿ ಯಾವ ಬಾಯಿಂದ ಮಾತಾಡುವುದು? ಕಿಟಕಿಯಾಚೆ ಕ್ವಾಲಾಲಂಪುರದ ಮಾಂಟ್ ಕಿಯಾರಾ ಬಡಾವಣೆಯ ಬಿಸಿಲು ಎದುರಿನ ಕಾಂಡೋ ಕಟ್ಟಡದ ಗಾಜುಗಳ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ಕೆಳಗೆ ಈಜುಕೊಳಕ್ಕೆ ಲಾಕ್‌ಡೌನೆಂದು ಹಳದಿ ಪಟ್ಟಿ ಸುತ್ತಿದ್ದರು. ಚೀನೀ ಹೊಸ ವರ್ಷಕ್ಕೆಂದು ಗೇಟಿನಲ್ಲಿ ತೂಗುಹಾಕಿದ ಕೆಂಪು ಕಾಗದದ ದೀಪಗಳ ಕೆಳಗೆ ಗಾರ್ಡು ಒಬ್ಬನೇ ಕೂತು ಆಕಳಿಸುತ್ತಿದ್ದ.

ಬಾಗಿಲು ತೆರೆದ ವಂದನಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಇದೇನು ಅವತಾರ ಎಂದು ಕೇಳಿದಳು. ಸೆಖೆ ಎಂದ ನರಹರಿ. ಹದಿನಾರಕ್ಕೆ ಇಟ್ಟುಕೊಂಡು ಸೆಖೆಯೇ ಎಂದು ಅವಳು ಗಂಡನನ್ನು ಒಂದು ಥರ ನೋಡಿ, ಈ ಕಾಲದಲ್ಲಿ ನೆಗಡಿಯಾಗಿ ಒಂದು ಸಲ ಕೆಮ್ಮಿದರೂ ಸಾಕು, ಗಾರ್ಡು ಲಿಫ್ಟು ಹತ್ತುವುದಕ್ಕೂ ಬಿಡುವುದಿಲ್ಲ ಎಂದು ಗೊಣಗಿ, ಮಧ್ಯಾಹ್ನಕ್ಕೆ ಅಡಿಗೆ ಮಾಡಲೋ ಇಲ್ಲ ಮಾಮಾಕ್ ಹೋಟೆಲಿನಿಂದ ತಪಾವ್ ಪಾರ್ಸೆಲ್ಲು ತರಿಸಿಬಿಡಲೋ ಎಂದಳು. ಏನಾದರೂ ಎಂದ. ಅವಳು ಹೋದಳು. ಅವಳಿಗೆ ಇನ್ನೂ ಹೇಳಿರಲಿಲ್ಲ. ಹೇಳುವುದಾದರೂ ಏನು? ಭೂಮಿಯ ಆ ಮಗ್ಗುಲಲ್ಲಿ ಯಾವುದೋ ಊರಿನಲ್ಲಿ ಒಬ್ಬ ಮುದುಕಿ ಸತ್ತಳು ಎಂದೇ? ಈ ಒಂದು ವರ್ಷದಿಂದ ಮುದುಕಿಯರಿಗೆ ಸಾಯುವುದು ಬಿಟ್ಟು ಬೇರೆ ಕೆಲಸವೇ ಇಲ್ಲದಂತಾಗಿದೆ. ಅದಕ್ಕೆ ನೀವೇನು ಮಾಡಿದಿರಿ ಎಂದು ವಂದನಾ ಕೇಳುತ್ತಾಳೆ. ಪಿ-ಒನ್ ಇದ್ದದ್ದನ್ನು ಪಿ-ತ್ರೀ ಮಾಡಿದೆ. ಅಷ್ಟೇನಾ ಎನ್ನುತ್ತಾಳೆ. ಹೌದು, ಅಷ್ಟೇ.

ಕೆಲಸವೂ ಅಷ್ಟೇ. ಕೆನಡಾದ ವಿನ್ನಿಪೆಗ್ ಊರಿನಲ್ಲಿ ವಯಸ್ಸಾದವರಿಗೆ ಫ್ಲಾಟುಗಳನ್ನು ಬಾಡಿಗೆಗೆ ಕೊಡುವ ಒಂದು ಕಂಪನಿ ಇದೆ. ಅಲ್ಲಿ ವರ್ಷದಲ್ಲಿ ಆರು ತಿಂಗಳು ಚಳಿಗಾಲ. ಮನೆ ಕಾಯಿಸುವ ಹೀಟರು ಕೆಟ್ಟರೆ ಬಾಡಿಗೆದಾರರು ಒಂದು ನಂಬರಿಗೆ ಫೋನು ಮಾಡಬೇಕು. ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು. ಹಾಗಾಗಿ ಅವರ ರಾತ್ರಿಯ ಫೋನುಗಳೆಲ್ಲ ಕ್ವಾಲಾಲಂಪುರಕ್ಕೆ ಬರುತ್ತವೆ. ಲಾಕ್‌ಡೌನ್ ಆದಮೇಲೆ ಆಫೀಸಿಗೂ ಅಲ್ಲ, ತಂಡದವರ ಮಲಗುವ ಕೋಣೆಗಳಿಗೆ. ಫೋನು ತೆಗೆದವರು ದೂರು ಬರೆದುಕೊಂಡು ಅದಕ್ಕೊಂದು ದರ್ಜೆ ಹಾಕಬೇಕು. ಪಿ-ಒನ್ ಎಂದರೆ ತುರ್ತು, ಎರಡು ಗಂಟೆಯೊಳಗೆ ರಿಪೇರಿಯವನು ಮನೆ ಬಾಗಿಲಲ್ಲಿರುತ್ತಾನೆ. ಪಿ-ತ್ರೀ ಎಂದರೆ ಮುಂದಿನ ಕೆಲಸದ ದಿನ. ಇನ್ನೊಂದು ನಿಯಮ: ನಾವು ಎಲ್ಲಿ ಕೂತಿದ್ದೇವೆಂದು ಯಾವ ಕಾರಣಕ್ಕೂ ಹೇಳಕೂಡದು. ಅದಕ್ಕಾಗಿಯೇ ಪರದೆಯ ಮೂಲೆಯಲ್ಲಿ ವಿನ್ನಿಪೆಗ್‌ನ ಹವೆ ಸದಾ ಕಾಣುತ್ತಿರುತ್ತದೆ. ಗ್ರಾಹಕರು ಚಳಿಯ ಮಾತೆತ್ತಿದರೆ ನಾವೂ ದನಿಗೂಡಿಸಬೇಕು. ಈ ವಿದ್ಯೆಯಲ್ಲಿ ನರಹರಿಯನ್ನು ಮೀರಿಸುವವರಿರಲಿಲ್ಲ. ಹಿಮವನ್ನು ಸಿನಿಮಾದಲ್ಲಿ ಬಿಟ್ಟು ಬೇರೆಲ್ಲೂ ಕಾಣದ ಮನುಷ್ಯ, ಹ್ಯಾರಿ ಎಂಬ ಹೆಸರಿನಲ್ಲಿ, ಕಾರಿನ ಗಾಜಿನ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಕೆರೆದು ಕೆರೆದು ಕೈ ನೋವು ಬಂತೆಂದು ಮುದುಕರ ಹತ್ತಿರ ನಾಲ್ಕು ವರ್ಷದಿಂದ ಹೇಳಿಕೊಂಡು ಬಂದಿದ್ದ.

ಚಳಿಯ ವಿಷಯದಲ್ಲಿ ಅವನಿಗೆ ಮೊದಲಿನಿಂದಲೂ ಒಂದು ಜಂಬ. ಮೈಸೂರಿನ ಮಾಗಿಯ ಚಳಿ, ಬೆಳಿಗ್ಗೆ ಐದಕ್ಕೆ ನಲ್ಲಿ ನೀರಿನ ಸ್ನಾನ, ಒಂಟಿಕೊಪ್ಪಲಿನಿಂದ ಸೈಕಲ್ಲು ತುಳಿದು ಟ್ಯೂಷನ್ನಿಗೆ ಹೋಗುವಾಗ ಬಾಯಿಂದ ಬರುತ್ತಿದ್ದ ಹೊಗೆ. ಮಲೇಷಿಯಾದ ಬೆವರಿನಲ್ಲಿ ಹುಟ್ಟಿ ಬೆಳೆದವರ ಎದುರಿಗೆ ಇದನ್ನು ಎಷ್ಟು ಸಲ ಹೇಳಿದ್ದನೋ! ಸಿನಿಮಾ ಹಾಲಿನಲ್ಲಿ ಬೇರೆಯವರು ಸ್ವೆಟರು ಹಾಕಿಕೊಂಡರೆ ಇವನು ಅಂಗಿಯ ತೋಳು ಮಡಿಸುತ್ತಿದ್ದ. ಒಂಟಿಕೊಪ್ಪಲಿನ ಮನೆಯಲ್ಲಿ ಚಳಿ ಎನ್ನುವವನು ಹೇಡಿ. ಚಳಿ ಚಳಿ ಎಂದರೆ ಚಳಿ ಜಾಸ್ತಿಯಾಗುತ್ತದೆ ಎಂದು ಅಪ್ಪ ಬೈಯುತ್ತಿದ್ದರು. ನಡುಮನೆಯಲ್ಲಿ ಸಾಲಾಗಿ ಹಾಸಿಗೆ ಹಾಸಿ, ಗೋಡೆಯ ಕಡೆ ಅಜ್ಜಿ, ಅಜ್ಜಿಯ ಪಕ್ಕ ಇವನು. ಅಜ್ಜಿಯ ಕೆಂಪು ಕಂಬಳಿಗೆ ಹೊಗೆಯ ಮತ್ತು ನಶ್ಯದ ವಾಸನೆ. ಆ ವಾಸನೆ ಈ ಎರಡು ದಿನದಿಂದ ಎಲ್ಲೆಂದರಲ್ಲಿ ಮೂಗಿಗೆ ಬರುತ್ತಿತ್ತು, ಯಾಕೆಂದು ಅವನು ಯೋಚಿಸಲು ಹೋಗಿರಲಿಲ್ಲ.

ಕಳೆದ ಶನಿವಾರ. ಹೊಸ ವರ್ಷದ ರಜೆಯೆಂದು ತಂಡದ ಚೀನೀಯರು ಒಬ್ಬರೂ ಇರಲಿಲ್ಲ. ಹನ್ನೆರಡರಲ್ಲಿ ಉಳಿದವರು ಐದು ಜನ. ಇಲ್ಲಿ ಬೆಳಿಗ್ಗೆ ಒಂಬತ್ತು, ಅಲ್ಲಿ ಶುಕ್ರವಾರ ಸಂಜೆ ಏಳು. ಪರದೆಯ ಮೂಲೆಯಲ್ಲಿ ಮೈನಸ್ ಮೂವತ್ತಾರು ಎಂದಿತ್ತು. ಫೋನುಗಳು ಜೇನು ಎದ್ದ ಹಾಗೆ ಬರುತ್ತಿದ್ದವು. ಅಲ್ಲಿದ್ದ ರಿಪೇರಿಯವರು ಆರು ಜನ, ಅವರಲ್ಲಿ ಇಬ್ಬರು ಕೋವಿಡ್ಡೆಂದು ಕ್ವಾರಂಟೈನಿನಲ್ಲಿ. ಒಂಬತ್ತು ಪಿ-ಒನ್ ಆಗುವಷ್ಟರಲ್ಲಿ ಮ್ಯಾನೇಜರ್ ದೇವೇಂದ್ರನ ಮೆಸೇಜು ಬಂತು. ಬೆಂಗಳೂರಿನವನು, ನರಹರಿಗಿಂತ ಒಂಬತ್ತು ವರ್ಷ ಚಿಕ್ಕವನು, ಎರಡು ಕಾಂಡೋ ಆಚೆಗೆ ಅವನ ಮನೆ. ಎಲ್ಲವನ್ನೂ ಪಿ-ಒನ್ ಮಾಡಿದರೆ ಹೇಗೆ, ಸ್ವಲ್ಪ ಗಮನ ಕೊಡಿ ಎಂದು ಬರೆದಿದ್ದ. ಆಗಲೇ ಹತ್ತನೆಯದು ಕಣ್ಣಿಗೆ ಬಿದ್ದದ್ದು. ಡೋರಾ ಹೆಲ್ಗಸನ್, ಎಂಬತ್ತೊಂದು ವರ್ಷ, ಮೂರನೆಯ ಮಹಡಿ, ಒಬ್ಬರೇ. ಮನೆಯೊಳಗೆ ಹನ್ನೊಂದು ಡಿಗ್ರಿ. ಫೋನು ತೆಗೆದವಳು ಮೆಲಾಕಾ ಊರಿನ ಮನೆಯಿಂದ ಕೆಲಸ ಮಾಡುತ್ತಿದ್ದ ವಾರಿಜಾ. ಅವಳ ಗಂಡ ಮಧ್ವರಾಜ ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಲೆಕ್ಚರರ್, ಉಡುಪಿ ಕಡೆಯವರು. ತಂಡ ಸೇರಿ ಆರು ತಿಂಗಳಾಗಿತ್ತು.

ನರಹರಿ ಅವಳಿಗೆ ಫೋನು ಮಾಡಿದ. ಸಿಟ್ಟಿನಿಂದಲ್ಲ, ತಮಾಷೆಗೇ.

"ಏನ್ ವಾರಿಜಾ, ಹನ್ನೊಂದು ಡಿಗ್ರಿಗೆಲ್ಲ ಪಿ-ಒನ್ ಹಾಕ್ತೀರಲ್ಲ! ಹನ್ನೊಂದು ಅಂದ್ರೆ ನಮ್ಮ ಮೈಸೂರಲ್ಲಿ ಜನವರಿ ಬೆಳಿಗ್ಗೆ ಕಣ್ರೀ. ನಾವು ತಣ್ಣೀರು ಸ್ನಾನ ಮಾಡಿ ಸೈಕಲ್ ಹತ್ತಿರ್ತಿದ್ವಿ."

"ಹಾಗಲ್ಲ ಸರ್, ಅವರು ಹೇಳಿದ್ದು ಕೇಳಿದ್ರೆ..."

"ನೀವು ಕರಾವಳಿಯವ್ರು. ನಿಮಗೆ ಫ್ಯಾನ್ ಗಾಳೀನೂ ಚಳೀನೇ."

ಆ ಕಡೆ ಒಂದು ಸಣ್ಣ ಸದ್ದಾಯಿತು. ನಕ್ಕಳು ಎಂದುಕೊಂಡಿದ್ದ. ಆಮೇಲೆ ಅವಳು, ಹಾಗಾದರೆ ನೀವೇ ಒಮ್ಮೆ ಅವರ ಹತ್ತಿರ ಮಾತಾಡಿ ಸರ್ ಎಂದಳು. ಮಾತಾಡಿದ. ಒಂದು ನಿಮಿಷ ಐವತ್ತು ಸೆಕೆಂಡು. ಮಂಗಳವಾರದವರೆಗೆ ಕಾಯಲು ಗ್ರಾಹಕರು ಒಪ್ಪಿದ್ದಾರೆ ಎಂದು ಬರೆದು ಒಂದನ್ನು ಮೂರು ಮಾಡಿದ. ಸೋಮವಾರ ಅಲ್ಲಿ ಯಾವುದೋ ಹಬ್ಬದ ರಜೆ. ಮಂಗಳವಾರ ಬೆಳಿಗ್ಗೆ ರಿಪೇರಿಯವನು ಹೋಗಿ ಬಾಗಿಲು ಬಡಿದ. ತೆಗೆಯಲಿಲ್ಲ. ಬಿಲ್ಡಿಂಗಿನವರಿಂದ ಬೀಗದ ಕೈ ತರಿಸಿ ಒಳಗೆ ಹೋದಾಗ ಮುದುಕಿ ಕುರ್ಚಿಯಲ್ಲಿದ್ದಳಂತೆ, ಮೈಮೇಲೆ ಮೂರು ಕೋಟು, ಮಡಿಲಲ್ಲಿ ನೀರು ಕಾಯಿಸುವ ಕೆಟಲು. ಕೆಟಲಿನ ನೀರು ಗಡ್ಡೆ ಕಟ್ಟಿತ್ತಂತೆ. ಇದನ್ನೆಲ್ಲ ಕಂಪನಿಯವರು ನಾಲ್ಕು ಸಾಲಿನಲ್ಲಿ ಬರೆದು, ಹೀಗೇಕಾಯಿತೆಂದು ಗುರುವಾರದೊಳಗೆ ವರದಿ ಕೊಡಿ ಎಂದಿದ್ದರು. ಇವತ್ತು ಗುರುವಾರ.

ವರದಿಯಲ್ಲಿ ಮೂಲ ಕಾರಣ ಎಂದು ಒಂದು ಚೌಕ ಇರುತ್ತದೆ. ಅದನ್ನು ಖಾಲಿ ಬಿಡುವಂತಿಲ್ಲ. ಅಲ್ಲಿ ಯಾರದಾದರೂ ಹೆಸರು ಬೀಳಲೇಬೇಕು, ಮತ್ತು ಬೀಳಬಹುದಾದ ಹೆಸರುಗಳು ಎರಡೇ. ಈ ದೇಶದಲ್ಲಿ ಇರಲು ಬಿಡುವ ನರಹರಿಯ ಕೆಲಸದ ಪಾಸು ಏಪ್ರಿಲಿಗೆ ಮುಗಿಯುತ್ತದೆ. ಕಂಪನಿ ಸಹಿ ಹಾಕದಿದ್ದರೆ, ವಿಮಾನಗಳೇ ಸರಿಯಾಗಿಲ್ಲದ ಈ ದಿನಗಳಲ್ಲಿ, ಹೆಂಡತಿ ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ವಾರಿಜಾಳಿಗಾದರೆ ಗಂಡನ ಕೆಲಸ ಇದೆ. ಈ ಯೋಚನೆ ಬಂದಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಆದರೂ ಅದು ಹೋಗಲಿಲ್ಲ. ನೊಣದ ಹಾಗೆ ಓಡಿಸಿದಷ್ಟೂ ಬಂದು ಅಲ್ಲೇ ಕೂರುತ್ತಿತ್ತು. ನಿನ್ನೆಯಿಂದ ತಾನು ಹೇಳಬೇಕಾದ ಮಾತನ್ನು ಸಜ್ಜು ಮಾಡಿಟ್ಟುಕೊಂಡಿದ್ದ. ತಪ್ಪು ನನ್ನದು, ವಾರಿಜಾ ಸರಿಯಾಗಿಯೇ ಹಾಕಿದ್ದರು. ಎರಡೇ ವಾಕ್ಯ. ಸ್ನಾನದ ಮನೆಯಲ್ಲಿ ಹೇಳಿ ನೋಡಿದಾಗ ಸಲೀಸಾಗಿ ಬಂದಿತ್ತು.

ಹತ್ತಕ್ಕೆ ಐದು ನಿಮಿಷ ಇದ್ದಾಗ ಅಂಗಿ ಹಾಕಿಕೊಂಡ. ಪಕ್ಕದ ಕೋಣೆಯಲ್ಲಿ ಮಗಳು ಇಂಚರಳ ಆನ್‌ಲೈನ್ ಕ್ಲಾಸು ನಡೆಯುತ್ತಿತ್ತು. ಯಾರೋ ಟೀಚರು ಒಂದೇ ಹೆಸರನ್ನು ಮತ್ತೆ ಮತ್ತೆ ಕೂಗುತ್ತಿದ್ದರು, ಆ ಹೆಸರಿನ ಹುಡುಗ ಉತ್ತರ ಕೊಡುತ್ತಿರಲಿಲ್ಲ. ಪರದೆಯಲ್ಲಿ ದೇವೇಂದ್ರ ಕಾಣಿಸಿಕೊಂಡ, ಇಸ್ತ್ರಿ ಮಾಡಿದ ಅಂಗಿ, ಹಿಂದೆ ಪುಸ್ತಕದ ಕಪಾಟು. ವಾರಿಜಾ ಕ್ಯಾಮೆರಾ ಹಾಕಿರಲಿಲ್ಲ. ಅವಳ ಹೆಸರಿನ ಮೊದಲ ಅಕ್ಷರ ಮಾತ್ರ ಒಂದು ಹಸಿರು ಬಿಲ್ಲೆಯೊಳಗೆ ಕೂತಿತ್ತು. ದೇವೇಂದ್ರ ಬಹಳ ದುಃಖದ ವಿಷಯ ಎಂದ, ಕ್ಷಣ ಬಿಟ್ಟು, ಆದರೆ ನಮ್ಮ ಮಟ್ಟಿಗೆ ಹೆದರುವಂಥದ್ದೇನೂ ಇಲ್ಲ ಎಂದ. ಪ್ರೊಸೆಸ್ ಪ್ರಕಾರ ಲೀಡ್ ಖುದ್ದಾಗಿ ಫೋನು ಮಾಡಿದ್ದಾರೆ, ಗ್ರಾಹಕರು ಒಪ್ಪಿದ್ದಾರೆ, ರೆಕಾರ್ಡಿಂಗ್ ಇದೆ. ಇಷ್ಟು ಹೇಳಿ, ಯಾರೂ ಕೇಳದಿದ್ದರೂ, ಆ ರೆಕಾರ್ಡಿಂಗನ್ನು ಹಾಕಿಯೇಬಿಟ್ಟ.

ತನ್ನ ದನಿಯನ್ನು ತಾನೇ ಕೇಳುವುದು ನರಹರಿಗೆ ಯಾವತ್ತೂ ಆಗುತ್ತಿರಲಿಲ್ಲ. ಅದು ಹ್ಯಾರಿಯ ದನಿ, ಬೆಣ್ಣೆ ಹಚ್ಚಿದ ದನಿ. ಹೀಟರಿನ ಗುಂಡಿ ಒತ್ತಿ ನೋಡಿದಿರಾ, ಕಿಟಕಿಗಳು ಮುಚ್ಚಿವೆಯಾ, ಹೊದೆಯಲು ಇದೆಯಾ. ಮುದುಕಿ ಎಲ್ಲಕ್ಕೂ ಹೌದು ಎಂದಳು. ಅವಳ ಮಾತು ನಿಧಾನವಾಗಿತ್ತು, ನಾಲಗೆ ದಪ್ಪವಾದವರ ಹಾಗೆ. ಆವತ್ತು ಅವನಿಗೆ ವಯಸ್ಸಾಗಿದೆ ಎನ್ನಿಸಿತ್ತು, ಇವತ್ತು ಅದು ಬೇರೆ ಥರ ಕೇಳಿಸಿತು. ಆಮೇಲೆ ಅವಳೇ ಕೇಳಿದಳು: "ನಿಮ್ಮಲ್ಲೂ ಇಷ್ಟೇ ಚಳಿಯೇನಪ್ಪ?" ಹ್ಯಾರಿ ನಕ್ಕ. ಶನಿವಾರ ಬೆಳಿಗ್ಗೆ ಒಂಬತ್ತೂಕಾಲು. ನರಹರಿ ಆಗ ಪಪ್ಪಾಯಿ ತಿನ್ನುತ್ತಿದ್ದ, ಏಸಿ ಇಪ್ಪತ್ತನಾಲ್ಕರಲ್ಲಿತ್ತು, ಹೊರಗೆ ಇಪ್ಪತ್ತೆಂಟು. "ಅಯ್ಯೋ, ಕೇಳಬೇಡಿ ಮ್ಯಾಮ್, ನಮ್ಮ ಮನೆಯಲ್ಲೂ ಹೀಗೇ ಇದೆ. ನಾವೂ ಹೇಗೋ ಕಳೀತಿದ್ದೀವಿ." ಆಮೇಲೆ ಮುದುಕಿ ಹೇಳಿದಳು: "ಹಾಗಿದ್ದರೆ ನಾನು ರಂಪ ಮಾಡುವುದಿಲ್ಲ. ನಿಮಗೇ ಹಾಗಿರುವಾಗ ನನ್ನದೇನು. ಮಂಗಳವಾರವೇ ಬರಲಿ." ಧನ್ಯವಾದ ಎಂದ ಹ್ಯಾರಿ. ನೀವೂ ಬೆಚ್ಚಗಿರಪ್ಪ ಎಂದಳು ಅವಳು.

ದೇವೇಂದ್ರ ರೆಕಾರ್ಡಿಂಗ್ ನಿಲ್ಲಿಸಿ, ಇದು ಎಂದ. ಇದು ನೋಡಿ ಕ್ಲಾಸು. ಎಲ್ಲೂ ಗಡಿಬಿಡಿ ಇಲ್ಲ, ಗ್ರಾಹಕರ ಕಷ್ಟದಲ್ಲಿ ಹೇಗೆ ಜೊತೆಗೂಡಿದ್ದಾರೆ ನೋಡಿ. ಇದನ್ನು ಹೊಸಬರ ಟ್ರೈನಿಂಗಿಗೆ ಹಾಕಿಕೊಳ್ಳೋಣ. ಮೂಲ ಕಾರಣದ ಚೌಕದಲ್ಲಿ ಅವನು ಆಗಲೇ ಬರೆದಿಟ್ಟಿದ್ದ: ಮೊದಲು ಫೋನು ತೆಗೆದವರು ದರ್ಜೆಯನ್ನು ತಪ್ಪಾಗಿ ಹಾಕಿದ್ದರಿಂದ ಗೊಂದಲ ಉಂಟಾಯಿತು, ಲೀಡ್ ಅದನ್ನು ಸರಿಪಡಿಸಿದರು, ಮುಂದಿನದು ಗ್ರಾಹಕರ ಸ್ವಂತ ಆಯ್ಕೆ. ವಾರಿಜಾಳಿಗೆ ಒಂದು ವಾರ ಮರುತರಬೇತಿ. ವಾರಿಜಾ, ನಿಮಗೇನಾದರೂ ಹೇಳುವುದಿದೆಯಾ ಎಂದು ಕೇಳಿದ. ಇಲ್ಲ ಸರ್ ಎಂದಿತು ಹಸಿರು ಬಿಲ್ಲೆ. ನರಹರಿ, ನಿಮಗೆ?

ನರಹರಿ ಮೈಕು ತೆರೆದ. ಎರಡು ವಾಕ್ಯ. ಮೊದಲನೆಯದು ಗಂಟಲಿನವರೆಗೆ ಬಂದಿತ್ತು, ಸುಳ್ಳಲ್ಲ. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಕುಕ್ಕರು ಕೂಗಿತು. ಒಂದು, ಎರಡು. ದೇವೇಂದ್ರ ನಕ್ಕು, ವಂದನಾ ಅವರ ಸಾಂಬಾರು ರೆಡಿ ಅನ್ನಿಸುತ್ತೆ, ಮ್ಯೂಟ್ ಮಾಡ್ಕೊಳ್ಳಿ ನರಹರಿ ಎಂದ. ನರಹರಿ ಮ್ಯೂಟ್ ಮಾಡಿಕೊಂಡ. ಮಾಡಿಕೊಂಡ ಮೇಲೆ ಹಗುರವಾಯಿತು, ಅದನ್ನು ಮುಚ್ಚಿಡುವುದು ಯಾಕೆ? ಬೆನ್ನ ಮೇಲಿನ ಮೂಟೆಯನ್ನು ಯಾರೋ ಇಳಿಸಿದ ಹಾಗಾಯಿತು, ಮತ್ತು ಇಳಿಸಿದ್ದು ಯಾರ ಬೆನ್ನಿಗೆ ಎಂದು ಅವನು ತಿರುಗಿ ನೋಡಲಿಲ್ಲ. ವರದಿಯನ್ನು ಒಂದು ಸಲ ಓದಿಬಿಡಿ, ಎಲ್ಲರಿಗೂ ತಿದ್ದಲು ತೆರೆದಿಟ್ಟಿದ್ದೇನೆ, ಎರಡು ಗಂಟೆಗೆ ಕಳಿಸುತ್ತೇನೆ ಎಂದು ಹೇಳಿ ದೇವೇಂದ್ರ ಹೊರಟುಹೋದ.

ಐದು ನಿಮಿಷಕ್ಕೆ ವಾರಿಜಾಳ ಫೋನು ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಬಾಯಿ ತೆರೆಯುವ ಮೊದಲೇ ನರಹರಿ, ಮರುತರಬೇತಿ ಎಂದರೆ ಏನಿಲ್ಲ, ಸುಮ್ಮನೆ ಒಂದು ಕಾಗದದ ಕೆಲಸ, ನಾನು ದೇವೇಂದ್ರನ ಹತ್ತಿರ ಮಾತಾಡುತ್ತೇನೆ ಎಂದೆಲ್ಲ ಶುರು ಮಾಡಿದ. ಅವಳು ಅದು ಮುಗಿಯುವವರೆಗೆ ಕಾದಳು.

"ಅದಕ್ಕಲ್ಲ ಸರ್ ಫೋನ್ ಮಾಡಿದ್ದು. ನನ್ನ ಕಾಲ್ ನೀವು ಕೇಳಿದ್ದೀರಾ?"

ಕೇಳಿರಲಿಲ್ಲ. ಆವತ್ತೂ ಇಲ್ಲ, ಆಮೇಲೂ ಇಲ್ಲ. ಹನ್ನೊಂದು ಎಂಬ ಅಂಕಿಯನ್ನು ಮಾತ್ರ ನೋಡಿದ್ದ.

"ದೇವೇಂದ್ರ ಸರ್ ಅದನ್ನು ಹಾಕ್ಲಿಲ್ಲ. ಹಾಕುದಿಲ್ಲ ಅಂತ ನನಗೂ ಗೊತ್ತುಂಟು. ಅದರಲ್ಲಿ ನಾನು ಎಲ್ಲಿದ್ದೇನೆ ಅಂತ ಹೇಳಿದ್ದೇನೆ, ಹೇಳ್ಬಾರ್ದಿತ್ತು. ಅದಕ್ಕೆ ಎಂತ ಶಿಕ್ಷೆ ಬೇಕಾದ್ರೂ ಕೊಡ್ಲಿ. ನೀವು ಒಮ್ಮೆ ಕೇಳಿ ಸರ್, ಅಷ್ಟೇ."

ಫೋನಿಟ್ಟಳು. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ನರಹರಿ ಎದ್ದು ಏಸಿಯ ಕೆಳಗೆ ನಿಂತ, ಮತ್ತೆ ಬಂದು ಕೂತ, ನೀರು ಕುಡಿದ. ಕೇಳದೆಯೂ ಇರಬಹುದಿತ್ತು, ಕೇಳಿದೆ ಎಂದು ನಾಳೆ ಅವಳಿಗೆ ಹೇಳಿದರೆ ಅವಳಿಗೇನು ತಿಳಿಯುತ್ತದೆ? ಆದರೆ ಕೈ ಆಗಲೇ ಹೆಡ್‌ಫೋನು ಹಾಕಿಕೊಂಡಿತ್ತು.

ಹನ್ನೊಂದು ನಿಮಿಷದ ಕಾಲ್. ಇದರಲ್ಲೂ ಮುದುಕಿ ಮೊದಮೊದಲು ಎಲ್ಲಕ್ಕೂ ಪರವಾಗಿಲ್ಲ ಎಂದೇ ಹೇಳುತ್ತಿದ್ದಳು. ಇದರಲ್ಲೂ ಅದೇ ಪ್ರಶ್ನೆ ಬಂತು: ನಿಮ್ಮಲ್ಲೂ ಇಷ್ಟೇ ಚಳಿಯೇನಮ್ಮ? ವಾರಿಜಾ, ಇಲ್ಲ ಎಂದಳು. ಇಲ್ಲ ಮ್ಯಾಮ್, ನಾನು ಬಹಳ ದೂರ, ಮಲೇಷಿಯಾದ ಮೆಲಾಕಾ ಎಂಬ ಊರಿನಲ್ಲಿದ್ದೇನೆ. ಇಲ್ಲಿ ಬೆಳಿಗ್ಗೆಯೇ ಬೆವರು. ನಾನು ಹುಟ್ಟಿದ್ದು ಸಮುದ್ರದ ಹತ್ತಿರ, ನನಗೆ ಚಳಿ ಎಂದರೆ ಏನೆಂದು ನಿಜವಾಗಿ ಗೊತ್ತಿಲ್ಲ, ನೀವೇ ಹೇಳಬೇಕು. ಮುದುಕಿ ನಕ್ಕಳು. ಎಷ್ಟು ಸಣ್ಣ ನಗು ಅದು! ಅಯ್ಯೋ, ನಿನಗೆ ಹೇಗೆ ಗೊತ್ತಾಗಬೇಕು ಮಗೂ, ಹೇಳುತ್ತೇನೆ ಕೇಳು ಎಂದಳು. ಹೇಳಿದಳು. ಹೀಟರು ಕೆಟ್ಟು ಆಗಲೇ ಎರಡು ದಿನವಾಗಿದೆ. ಬೆಳಿಗ್ಗೆ ಹದಿನಾಲ್ಕಿತ್ತು, ಈಗ ಹನ್ನೊಂದು, ರಾತ್ರಿ ಇನ್ನೂ ಇಳಿಯುತ್ತದೆ. ಕೆಟಲಿನಲ್ಲಿ ನೀರು ಕಾಯಿಸಿ ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ, ಆರಿದರೆ ಮತ್ತೆ ಕಾಯಿಸುತ್ತೇನೆ; ಆದರೆ ಈಗ ಬೆರಳಿಗೆ ಅದರ ಸ್ವಿಚ್ಚು ಸಿಕ್ಕುತ್ತಿಲ್ಲ, ಮೊಣಕೈಯಿಂದ ಒತ್ತುತ್ತೇನೆ. ಈ ಫೋನಿನ ನಂಬರನ್ನು ಐದು ಸಲ ತಪ್ಪಾಗಿ ಒತ್ತಿದೆ. ಎದುರು ಮನೆಯಾಕೆ ಮೊದಲು ದಿನಕ್ಕೊಂದು ಸಲ ಬಂದು ಹೋಗುತ್ತಿದ್ದಳು, ಕೋವಿಡ್ಡೆಂದು ಯಾರ ಮನೆಗೂ ಯಾರೂ ಹೋಗಬಾರದೆಂದಿದ್ದಾರೆ, ಕಾನೂನು ಮುರಿದು ಅವಳಿಗೇಕೆ ತೊಂದರೆ ಕೊಡಲಿ. ಸಂಜೆ ನಡುಕ ನಿಂತುಹೋಯಿತು, ಆಗ ಹೆದರಿಕೆಯಾಗಿ ಫೋನು ಮಾಡಿದೆ. ನಡುಕ ನಿಲ್ಲುವುದು ಒಳ್ಳೆಯದಲ್ಲವಂತೆ, ನನ್ನ ಗಂಡ ಹೇಳುತ್ತಿದ್ದ. ಇದನ್ನೆಲ್ಲ ನಿನಗೆ ಹೇಳಬಹುದು ಮಗೂ ಎಂದಳು, ನೀನು ಬಿಸಿಲಲ್ಲಿದ್ದೀಯ. ಇಲ್ಲಿಯವರ ಹತ್ತಿರ ಹೇಗೆ ಹೇಳುವುದು, ಎಲ್ಲರೂ ಅದರಲ್ಲೇ ಇದ್ದಾರೆ.

ನರಹರಿ ಹೆಡ್‌ಫೋನು ತೆಗೆಯಲಿಲ್ಲ. ಕಾಲ್ ಮುಗಿದು ಬರೀ ಗುಂಯ್ ಎನ್ನುವ ಸದ್ದು ಕೇಳುತ್ತಿತ್ತು. ನಡುಮನೆಯಲ್ಲಿ ದೀಪ ಆರಿಸಿದ್ದಾರೆ, ಇವನು ಎಂಟು ವರ್ಷದವನು. ತನ್ನ ಹೊದಿಕೆಯ ಮೇಲೆ ಇನ್ನೊಂದು ಬೇಕು ಎನ್ನಿಸುತ್ತದೆ. ಅಜ್ಜಿ, ನಿಂಗೆ ಚಳಿ ಇಲ್ವಾ ಎಂದು ಕೇಳುತ್ತಾನೆ. ಇಲ್ಲ ಕಣಪ್ಪ ಎನ್ನುತ್ತಾಳೆ ಅಜ್ಜಿ, ನನ್ನದು ಮುದಿ ಚರ್ಮ, ದಪ್ಪ. ಕೆಂಪು ಕಂಬಳಿಯನ್ನು ಎಳೆದುಕೊಳ್ಳುತ್ತಾನೆ, ಎಳೆಯುವಾಗ ಆ ಕಡೆಯಿಂದ ಅವಳೇ ಜಾರಿಸಿ ಕೊಡುತ್ತಾಳೆ. ಇದನ್ನು ಅವನು ವಂದನಾಳಿಗೆ, ಇಂಚರಳಿಗೆ, ಪಾರ್ಟಿಗಳಲ್ಲಿ, ಅಜ್ಜಿಯ ಪ್ರೀತಿಯೆಂದು ಎಷ್ಟೋ ಸಲ ಹೇಳಿದ್ದ. ಹೇಳದೆ ಬಿಟ್ಟದ್ದು ಒಂದಿತ್ತು. ಬೆಳಗಿನ ಜಾವ ಎಚ್ಚರವಾದಾಗ ಅಜ್ಜಿ ಹಾಸಿಗೆಯಲ್ಲಿರುತ್ತಿರಲಿಲ್ಲ. ಬಚ್ಚಲೊಲೆಗೆ ಉರಿ ಹಾಕಿ, ಅದರ ಬಾಯಿಗೆ ಅಂಗೈ ಒಡ್ಡಿ, ಮುದುರಿ ಕೂತಿರುತ್ತಿದ್ದಳು. ಅದನ್ನು ನೋಡಿದ್ದ. ಒಂದು ದಿನವಲ್ಲ, ದಿನಾ ನೋಡಿದ್ದ. ನೋಡಿಯೂ ಮಾರನೆಯ ರಾತ್ರಿ ಮತ್ತೆ ಅದೇ ಪ್ರಶ್ನೆ ಕೇಳುತ್ತಿದ್ದ, ಯಾಕೆಂದರೆ ಉತ್ತರ ಏನು ಬರುತ್ತದೆಂದು ಅವನಿಗೆ ಗೊತ್ತಿತ್ತು. ಮುದುಕಿಯರು ಇಲ್ಲ ಎನ್ನುತ್ತಾರೆ. ಶನಿವಾರ ಒಂಬತ್ತೂಕಾಲಿಗೂ ಅವನಿಗೆ ಅದು ಗೊತ್ತಿತ್ತು. ಚಳಿ ಗೊತ್ತಿರಲಿಲ್ಲ ಎಂದು ಯಾರ ಮುಂದಾದರೂ ಹೇಳಿಕೊಳ್ಳಬಹುದು; ಇದು ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವಂತಿರಲಿಲ್ಲ.

ವಂದನಾ ಊಟಕ್ಕೆ ಕರೆದಳು. ಬಂದೆ ಎಂದ. ಅಂಗಿಯನ್ನು ಮತ್ತೆ ಯಾವಾಗ ಕಳಚಿದ್ದನೋ ಅವನಿಗೇ ತಿಳಿಯದು. ಒಂದೂವರೆಯಾಗಿತ್ತು. ವರದಿಯನ್ನು ತೆರೆದ. ಮೂಲ ಕಾರಣದ ಚೌಕದಲ್ಲಿದ್ದ ದೇವೇಂದ್ರನ ವಾಕ್ಯಗಳನ್ನೆಲ್ಲ ಅಳಿಸಿದ. ಬಿಳೀ ಚೌಕ. ಏನು ಬರೆಯುವುದು? ಜಂಬ ಎಂದು ಬರೆದರೆ ಅವರಿಗೆ ಅರ್ಥವಾಗುವುದಿಲ್ಲ. ಅಜ್ಜಿಯನ್ನು ಬರೆಯುವಂತಿಲ್ಲ. ಬಹಳ ಹೊತ್ತು ಕೂತು, ಒಂದೊಂದೇ ಅಕ್ಷರ ಕುಟ್ಟಿ, ಎರಡು ಸಾಲು ಬರೆದ. ತಮ್ಮ ಮನೆಯಲ್ಲೂ ಅಷ್ಟೇ ಚಳಿ ಇದೆಯೆಂದು ಲೀಡ್ ಗ್ರಾಹಕರಿಗೆ ಹೇಳಿದರು. ಲೀಡ್ ಇದ್ದ ಜಾಗದಲ್ಲಿ ಆಗ ಇಪ್ಪತ್ತೆಂಟು ಡಿಗ್ರಿ ಇತ್ತು.

ಓದಿ ನೋಡಿದ. ಸರಿಯಾಗಿತ್ತು. ನಾಲ್ಕು ವರ್ಷದಲ್ಲಿ ಅವನು ಬರೆದದ್ದರಲ್ಲಿ ನೆಟ್ಟಗಿದ್ದದ್ದು ಇದೊಂದೇ. ಪಾಸು ಹೋದರೆ ಹೋಗಲಿ ಎನ್ನಿಸಿತು, ನಿಜವಾಗಿಯೂ ಎನ್ನಿಸಿತು. ಅಷ್ಟರಲ್ಲಿ ಪುಟದ ಮೇಲ್ತುದಿಯಲ್ಲಿ ಇನ್ನೊಂದು ಹೆಸರು ಮೂಡಿತು. ದೇವೇಂದ್ರ ಒಳಗೆ ಬಂದಿದ್ದ. ಅವನ ಕರ್ಸರಿನ ನೀಲಿ ಗೆರೆ ಪುಟದ ಮೇಲಿನಿಂದ ಇಳಿದು ಇಳಿದು ಬಂದು ಆ ಎರಡು ಸಾಲುಗಳ ಕೊನೆಯಲ್ಲಿ ನಿಂತು ಮಿಣುಕತೊಡಗಿತು. ಓದುತ್ತಿದ್ದಾನೆ. ನರಹರಿ ಫೋನಿನ ಕಡೆ ನೋಡಿದ. ಬೈಯಲು ಫೋನು ಮಾಡುತ್ತಾನೆ, ಮಾಡಲಿ, ಹೇಳುತ್ತೇನೆ ಎಂದುಕೊಂಡ. ಫೋನು ಬರಲಿಲ್ಲ. ಎರಡನೆಯ ಸಾಲು ಕೊನೆಯಿಂದ ಕರಗತೊಡಗಿತು. ಇತ್ತು ಎಂಬುದು ಹೋಯಿತು. ಡಿಗ್ರಿ ಹೋಯಿತು. ಇಪ್ಪತ್ತೆಂಟು ಹೋಯಿತು. ಒಂದೊಂದೇ ಅಕ್ಷರ, ಆತುರವಿಲ್ಲದೆ, ಯಾರಾದರೂ ತಡೆಯುವುದಿದ್ದರೆ ತಡೆಯಲಿ ಎನ್ನುವ ಹಾಗೆ. ನರಹರಿಯ ಎರಡೂ ಕೈ ಕೀಲಿಮಣೆಯ ಮೇಲೇ ಇದ್ದವು. ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಇಡೀ ಸಾಲು ಹೋಗುವವರೆಗೆ ನೋಡುತ್ತ ಕೂತ. ನೀಲಿ ಗೆರೆ ಮೊದಲ ಸಾಲಿನ ತುದಿಗೆ ಬಂದು ನಿಂತಿತು. ಅದನ್ನು ಅಳಿಸಲಿಲ್ಲ. ತಮ್ಮ ಮನೆಯಲ್ಲೂ ಅಷ್ಟೇ ಚಳಿ ಇದೆಯೆಂದು ಲೀಡ್ ಗ್ರಾಹಕರಿಗೆ ಹೇಳಿದರು. ಅದರ ಕೆಳಗೆ ದೇವೇಂದ್ರ ತನ್ನ ಹಳೆಯ ವಾಕ್ಯಗಳನ್ನು ವಾರಿಜಾಳ ಸಮೇತ ಮತ್ತೆ ತಂದಿಟ್ಟ. ಈಗ ಚೆನ್ನಾಗಿ ಬಂತು, ಕಳಿಸುತ್ತಿದ್ದೇನೆ ಎಂದು ಮೆಸೇಜು ಬಂತು, ಜೊತೆಗೆ ಒಂದು ಹೆಬ್ಬೆರಳು.

ಊಟಕ್ಕೆ ಕರೆಯಲು ಇಂಚರ ಬಂದಳು. ಬಾಗಿಲು ತೆರೆದವಳೇ ಎರಡು ತೋಳುಗಳನ್ನೂ ಮೈಗೆ ಸುತ್ತಿಕೊಂಡಳು.

"ಇಟ್ಸ್ ಫ್ರೀಜಿಂಗ್ ಇನ್ ಹಿಯರ್, ಅಪ್ಪಾ. ಆರಂಟ್ ಯು ಕೋಲ್ಡ್?"

ನರಹರಿ ರಿಮೋಟಿಗೆ ಕೈ ಚಾಚಿದ. ಬೆರಳಿಗೆ ಗುಂಡಿ ಸಿಕ್ಕಲಿಲ್ಲ, ಇನ್ನೊಂದು ಸಲ ಒತ್ತಿದ, ಆಗಲೂ ಸಿಕ್ಕಲಿಲ್ಲ. ದವಡೆ ಅದುರುತ್ತಿತ್ತು.

"ಇಲ್ಲ ಕಣಮ್ಮ" ಎಂದ.